ಪೆಟ್ಟಿಗೆಗೆ ಕುಡಿಸಿದ ನೀರು

ಮೋಡ ಕವಿದ ಕೂಡಲೇ ಕಿರಂಗೂರಿನ ಬೇರೆ ಹೆಂಗಸರು ಒಣಹಾಕಿದ ಬಟ್ಟೆಯನ್ನು ಒಳಗೆ ತರಲು ಓಡಿದರೆ, ನಾನು ಒಂದು ಬಿಳಿ ಪಂಚೆಯನ್ನು ಹಿಡಿದು ಹೊರಗೆ ಓಡುತ್ತಿದ್ದೆ. ಅಂಗಳದಲ್ಲಿ ನಾಲ್ಕು ಗೂಟ ನೆಟ್ಟಿದ್ದೆವು. ಪಂಚೆಯ ಮೂಲೆಗಳನ್ನು ಅವಕ್ಕೆ ಕಟ್ಟಿ, ನಡುವೆ ತೊಳೆದ ಬೆಣಚುಕಲ್ಲೊಂದನ್ನು ಇಟ್ಟರೆ ಬಟ್ಟೆ ತೊಟ್ಟಿಲಿನಂತೆ ತಗ್ಗುತ್ತಿತ್ತು. ಮೊದಲ ಹನಿಗಳನ್ನು ಹಾಗೇ ಸುರಿದುಹೋಗಲು ಬಿಡಬೇಕು. ಗಾಳಿಯಲ್ಲಿದ್ದ ದೂಳೆಲ್ಲ ತೊಳೆದುಹೋದ ಮೇಲೆ ಕಲ್ಲಿನ ಕೆಳಗೆ ಪಿಂಗಾಣಿ ಭರಣಿ ಇಡಬೇಕು. ಆ ಭರಣಿ ಉಪ್ಪಿನಕಾಯಿಯನ್ನು ಒಂದು ದಿನವೂ ಕಂಡಿದ್ದಲ್ಲ. ಅವ್ವ ಒಮ್ಮೆ ಅದಕ್ಕೆ ನಿಂಬೆಹೋಳು ತುಂಬಲು ಹೋಗಿ ಅಣ್ಣನ ಕೈಲಿ ಬೈಸಿಕೊಂಡಿದ್ದಳು.

ಆ ನೀರು ಅಣ್ಣನ ಬ್ಯಾಟರಿಗೆ. ಬ್ಯಾಟರಿ ಚಾರ್ಜಾಗುತ್ತ ಆಗುತ್ತ ಒಳಗಿನ ನೀರು ಆರುತ್ತದೆ, ಆಗಾಗ ಶುದ್ಧ ನೀರು ತುಂಬುತ್ತಿರಬೇಕು. ಶ್ರೀರಂಗಪಟ್ಟಣದ ಪೆಟ್ರೋಲ್ ಬಂಕಿನಲ್ಲಿ ಅಂಥ ನೀರಿನ ಬಾಟಲಿ ಸಿಗುತ್ತಿತ್ತು. ಅಣ್ಣನಿಗೆ ಅದು ಒಗ್ಗುತ್ತಿರಲಿಲ್ಲ. "ಮೇಲಿಂದ ಬರೋ ನೀರ್ನ ಬುಟ್ಟು ಬಾಟ್ಲಿ ನೀರ್ಗೆ ಯಾಕಮ್ಮಿ ಕೈಚಾಚಬೇಕು? ಆಕಾಸದ ನೀರು ಯಾರ ಮೈನೂ ಮುಟ್ಟಿರಾಕಿಲ್ಲ" ಅನ್ನುತ್ತಿದ್ದ.

ಅಣ್ಣನ ಕೆಲಸವನ್ನು ಹೇಳಬೇಕು. ಈಗ ಅಂಗೈಯಷ್ಟೇ ಇರುವ ಡಬ್ಬಿಯಲ್ಲಿ ಕಾರು ಎಬ್ಬಿಸುವ ಸಾಧನ ಬಂದಿದೆಯಂತೆ. ತೊಂಬತ್ತರ ಸುಮಾರಿನಲ್ಲಿ ನಮ್ಮ ಸೀಮೆಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಅಣ್ಣ ತಾನೇ ಒಂದನ್ನು ಮಾಡಿಕೊಂಡಿದ್ದ. ಹಲಸಿನ ಹಲಗೆಯ ಪೆಟ್ಟಿಗೆ, ಒಳಗೆ ಟ್ರಾಕ್ಟರಿನ ಬ್ಯಾಟರಿ, ಎರಡು ಉದ್ದನೆಯ ವೆಲ್ಡಿಂಗ್ ವೈರು, ವೈರಿನ ತುದಿಗೆ ಮೊಸಳೆ ಬಾಯಿಯಂಥ ಕ್ಲಿಪ್ಪುಗಳು. ಪ್ಲಸ್ಸಿನ ಕ್ಲಿಪ್ಪಿಗೆ ಕೆಂಪು ಬಟ್ಟೆ ಸುತ್ತಿತ್ತು, ಮೈನಸ್ಸಿಗೆ ಅವ್ವನ ಹಳೆಯ ಕಪ್ಪು ಸೀರೆಯ ಅಂಚು. ಈ ಪೆಟ್ಟಿಗೆಯನ್ನು ಮೊಪೆಡ್ಡಿನ ಹಿಂದೆ ಸೈಕಲ್ ಟ್ಯೂಬಿನಿಂದ ಬಿಗಿದು, ಬ್ಯಾಟರಿ ಸತ್ತು ನಿಂತ ಗಾಡಿ ಎಲ್ಲಿದ್ದರೆ ಅಲ್ಲಿಗೆ ಹೋಗುತ್ತಿದ್ದ. ಪಾಂಡವಪುರದ ಕಡೆಯಿಂದಲೋ ನಾಗಮಂಗಲದ ಕಡೆಯಿಂದಲೋ ಬರುವ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನಿಂತು, "ಪೆಟ್ಟಿಗೆಯವ್ರಿಗೆ ಏಳ್ರಪ್ಪಾ, ನಾಲೆ ಏರಿ ಮೇಲೆ ಲಾರಿ ನಿಂತದೆ" ಎಂದು ಕೂಗಿ ಹೋಗುತ್ತಿದ್ದ. ಅಷ್ಟು ಸಾಕಿತ್ತು.

ಜನ ಅಣ್ಣನನ್ನು ಕರೆಯುತ್ತಿದ್ದದ್ದು ಪೆಟ್ಟಿಗೆಗಾಗಿ ಮಾತ್ರ ಅಲ್ಲ. ಅವನ ಕೈಗುಣ ದೊಡ್ಡದು ಎಂಬ ಹೆಸರಿತ್ತು. ಅವನು ಕ್ಲಿಪ್ಪು ಕಚ್ಚಿಸಿ "ಊಂ, ಸೆಲ್ಫ್ ಒಡಿ" ಅಂದರೆ ಎಂಥ ಇಂಜಿನ್ನೂ ಎದ್ದುಬಿಡುತ್ತದೆ ಎನ್ನುತ್ತಿದ್ದರು. ಬರುಬರುತ್ತ ಗಾಡಿಗೆ ಸಂಬಂಧವಿಲ್ಲದವರೂ ಬಂದರು. ಹೊಸ ಪಂಪ್‌ಸೆಟ್ಟಿನ ಸ್ವಿಚ್ಚು ಅದುಮಲು ಕರೆದರು. ಒಟ್ಲಿಗೆ, ಅಂದರೆ ಸಸಿಮಡಿಗೆ, ಮೊದಲ ಹಿಡಿ ಬಿತ್ತನೆ ಭತ್ತ ಚೆಲ್ಲಲು ಕರೆದರು. ಅಣ್ಣ ನಗುತ್ತಿದ್ದ, ಆದರೆ ಹೋಗುತ್ತಿದ್ದ. ಹೋಗುವ ಮುಂಚೆ ಕೈ ತೊಳೆದುಕೊಂಡು ಹೋಗುತ್ತಿದ್ದ. ನಮ್ಮ ಅಪ್ಪ ಬೇಗ ತೀರಿಕೊಂಡವರು, ನಮಗಿದ್ದದ್ದು ಒಂದು ತುಂಡು ಗದ್ದೆ. ಊರಿನಲ್ಲಿ ಅಣ್ಣ ತಲೆಯೆತ್ತಿ ನಡೆಯುತ್ತಿದ್ದದ್ದು ಆ ಕೈಯ ಹೆಸರಿನಿಂದ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಯಾಗಿ ಹೋಗಿ, ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದೆ. ಬಂದ ಮೊದಲ ವಾರ ಅಣ್ಣ ನನ್ನ ಮುಂದೆ ಭರಣಿ ತಂದಿಟ್ಟ.

"ಅಮ್ಮೀ, ಇನ್ಮೇಕೆ ನೀರಿನ ಜವಾಬ್ದಾರಿ ನಿಂದು. ನಾನು ಊರೂರು ತಿರಗೋನು, ಮಳೆ ಬಂದಾಗ ಮನೇಲಿರಾಕಿಲ್ಲ. ನೀನು ಇಡಿದ್ರೆ ನನ್ ಕೆಲ್ಸ ನಡೀತದೆ."

ತವರಿಗೆ ಬಂದ ವಿಧವೆ ಬಿಟ್ಟಿ ಅನ್ನ ತಿನ್ನುತ್ತಾಳೆ ಎಂದು ಯಾರೂ ಅನ್ನಬಾರದು, ನಾನೂ ಅಂದುಕೊಳ್ಳಬಾರದು ಎಂದು ಅವನು ಹಾಗೆ ಮಾಡಿದ. ಇದು ನನಗೆ ಅವತ್ತೇ ತಿಳಿದಿತ್ತು. ತಿಳಿದೂ ನಾನು ಮಾಡಿದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲೆರಡು ಮಳೆಗಾಲ ಸರಿಯಾಗಿ ಹಿಡಿದೆ. ಮೂರನೆಯದರಲ್ಲಿ ಒಂದು ಭಾನುವಾರ ಸಂಜೆ ಪಕ್ಕದ ಮನೆಯಲ್ಲಿ ಟಿ.ವಿ. ನೋಡುತ್ತ ಕೂತಿದ್ದೆ. ವಾರಕ್ಕೊಂದೇ ಸಿನಿಮಾ. ಮಳೆ ಬಂತು. ಏಳಬೇಕು, ಏಳಬೇಕು ಅಂದುಕೊಂಡೆ. ಪರದೆಯ ಮೇಲೆ ಮದುವೆ ನಿಲ್ಲುವುದರಲ್ಲಿತ್ತು. ಅದು ನಿಂತು, ಮತ್ತೆ ನಡೆದು, ನಾನು ಎದ್ದು ಬರುವಷ್ಟರಲ್ಲಿ ಮಳೆ ಹೊಳೆ ದಾಟಿ ಹೋಗಿತ್ತು. ಭರಣಿ ಖಾಲಿ.

ಅಣ್ಣನ ಕೊಟ್ಟಿಗೆಗೆ ತಗಡಿನ ಮಾಡು. ಅದರ ಸೂರಿನ ಕೆಳಗೆ, ಎಮ್ಮೆ ತೊಳೆಯಲೆಂದು ಇಟ್ಟ ಕಬ್ಬಿಣದ ಡ್ರಮ್ಮು ತುಂಬಿ ತುಳುಕುತ್ತಿತ್ತು. ಬಗ್ಗಿ ನೋಡಿದೆ. ಮೇಲಿನ ನೀರು ಕನ್ನಡಿಯಂತೆ ತಿಳಿಯಾಗಿತ್ತು, ನನ್ನ ಮುಖ ಕಾಣುತ್ತಿತ್ತು. ಇದೂ ಆಕಾಶದಿಂದಲೇ ಬಿದ್ದದ್ದು, ತಗಡಿನ ಮೇಲೆ ಒಂದು ಗಳಿಗೆ ಹರಿಯಿತು ಅಷ್ಟೇ ಅಂದುಕೊಂಡೆ. ತಳ ಕದಡದಂತೆ ಮೇಲಿನ ನೀರನ್ನೇ ತೋಡಿ ಭರಣಿ ತುಂಬಿಸಿದೆ.

ಅಣ್ಣ ಆ ನೀರನ್ನು ಬ್ಯಾಟರಿಗೆ ಬಿಟ್ಟ. ಏನೂ ಆಗಲಿಲ್ಲ. ಮರುದಿನ ಪೆಟ್ಟಿಗೆ ಹೊತ್ತು ಹೋಗಿ ಒಂದು ವ್ಯಾನು ಎಬ್ಬಿಸಿ ಬಂದ. ಏನೂ ಆಗದೇ ಇದ್ದದ್ದೇ ನನಗೆ ಕೆಟ್ಟದ್ದಾಯಿತು. ಆಮೇಲೆ ಪಂಚೆ ಕಟ್ಟುವುದು ದಂಡ ಅನ್ನಿಸತೊಡಗಿತು. ಅಣ್ಣ ಮನೆಯಲ್ಲಿದ್ದಾಗ ಕಟ್ಟುತ್ತಿದ್ದೆ, ಇಲ್ಲದಾಗ ಡ್ರಮ್ಮಿಗೆ ಚೊಂಬು ಹಾಕುತ್ತಿದ್ದೆ. ಆ ಮಳೆಗಾಲವೆಲ್ಲ ಹಾಗೇ ಕಳೆಯಿತು.

ಕಬ್ಬು ಅರೆಯುವ ಕಾಲ ಬಂತು. ಮಾಕವಳ್ಳಿಯ ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಗಾಡಿಗಳು ಮೈಲುಗಟ್ಟಲೆ ಸಾಲು ನಿಲ್ಲುತ್ತಿದ್ದವು. ದಿನಗಟ್ಟಲೆ ಕಾಯಬೇಕು. ಡ್ರೈವರುಗಳು ಟ್ರಾಕ್ಟರಿನ ಬ್ಯಾಟರಿಗೇ ಟೇಪ್ ರೆಕಾರ್ಡರ್ ಸಿಕ್ಕಿಸಿಕೊಂಡು ಹಾಡು ಕೇಳುತ್ತ ಮಲಗುತ್ತಿದ್ದರು. ಸಾಲು ಮುಂದೆ ಸರಿಯುವ ಹೊತ್ತಿಗೆ ಬ್ಯಾಟರಿ ಸತ್ತಿರುತ್ತಿತ್ತು. ಕಬ್ಬು ತುಂಬಿದ ಟ್ರೇಲರನ್ನು ಕಟ್ಟಿಕೊಂಡ ಟ್ರಾಕ್ಟರನ್ನು ತಳ್ಳಿ ಎಬ್ಬಿಸುವುದು ಆಗದ ಮಾತು. ಅದಕ್ಕೇ ಪ್ರತಿ ವರ್ಷ ಅರೆಯುವ ಕಾಲದಲ್ಲಿ ಅಣ್ಣ ಪೆಟ್ಟಿಗೆಯೊಂದಿಗೆ ಅಲ್ಲೇ ಒಂದು ಬೇವಿನ ಮರದಡಿ ಇರುತ್ತಿದ್ದ.

ಆ ವರ್ಷ ಸಾಲಿನ ಮೊದಲ ಗಾಡಿ ಕಿಕ್ಕೇರಿಯ ಒಬ್ಬ ಗೌಡನದು. ದೊಡ್ಡ ಬಾಯಿಯ ಮನುಷ್ಯ. ತನ್ನ ಟ್ರಾಕ್ಟರಿಗೆ ಬಾಳೆಕಂದು, ಚೆಂಡುಹೂವು ಕಟ್ಟಿ, ಮೊದಲ ದಿನದ ಮೊದಲ ಗಾಡಿ ತನ್ನದು ಒಳಗೆ ಹೋಗುವಾಗ ಪೆಟ್ಟಿಗೆಯವನೇ ಕೈಮುಟ್ಟಿ ಎಬ್ಬಿಸಬೇಕು ಎಂದು ಹೇಳಿಟ್ಟಿದ್ದ. ಅಣ್ಣ ನಾಲ್ಕು ದಿನ ಮೊದಲೇ ಪೆಟ್ಟಿಗೆಯನ್ನು ಪೂರ್ತಿ ಚಾರ್ಜು ಮಾಡಿಕೊಂಡು ಹೋಗಿದ್ದ. ಆ ದಿನ ಬೆಳಿಗ್ಗೆ ಅವ್ವನೂ ನಾನೂ ಬಸ್ಸು ಹಿಡಿದು ನೋಡಲು ಹೋದೆವು. ಅವ್ವ ಮಡಿಲಲ್ಲಿ ತೆಂಗಿನಕಾಯಿ ಕಟ್ಟಿಕೊಂಡಿದ್ದಳು.

ಪೂಜೆ ಮುಗಿಯಿತು. ಗೌಡ ಸೀಟಿಗೆ ಏರಿ ಕೀ ತಿರುಗಿಸಿದ. ರಾತ್ರಿಯೆಲ್ಲ ಹಾಡು ಕೇಳಿದ ಬ್ಯಾಟರಿ ಮಿಸುಕಲಿಲ್ಲ. ಗೌಡ ಜನರ ಕಡೆ ನೋಡಿ ನಕ್ಕ.

"ಬೇಕಂತ್ಲೇ ಸಾಯ್ಸಿವ್ನಿ ಕಣ್ರಲಾ. ಇವತ್ತು ನನ್ ಗಾಡಿ ಎಬ್ಬಸೋನು ಬ್ಯಾರೆ ಅವ್ನೆ. ಬಾರ್ಲಾ ಪೆಟ್ಟಿಗೆ, ಕೈ ಮಡಗು!"

ಅಣ್ಣ ಕ್ಲಿಪ್ಪು ಕಚ್ಚಿಸಿದ. ಮೊದಲು ಕೆಂಪು, ಆಮೇಲೆ ಕಪ್ಪು. "ಊಂ ಗೌಡ್ರೆ, ಸೆಲ್ಫ್ ಒಡೀರಿ."

'ಟಕ್' ಎಂದಿತು. ಅಷ್ಟೇ.

"ಇನ್ನೊಂದ್ ಕಿತ."

ಟಕ್.

ಅಣ್ಣ ಕ್ಲಿಪ್ಪು ಬಿಚ್ಚಿ, ಮರಳುಕಾಗದದಿಂದ ಉಜ್ಜಿ ಮತ್ತೆ ಹಾಕಿದ. ಅದೂ ಆಗಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು, ಬ್ಯಾಟರಿಯ ಬಿರಡೆಗಳನ್ನು ಒಂದೊಂದಾಗಿ ತಿರುಚಿ ನನ್ನ ಅಂಗೈಗೆ ಹಾಕುತ್ತ ಹೋದ. ಒಳಗೆ ಬಗ್ಗಿ ನೋಡಿದ. ಬ್ಯಾಟರಿಯ ಕಪ್ಪು ಗೂಡಿನ ಒಳಗೆ ನೀರು ಎಷ್ಟಿದೆ ಎಂದು ಕಾಣುತ್ತದೆ, ಹೇಗಿದೆ ಎಂದು ಕಾಣುವುದಿಲ್ಲ. ಅದು ಕಂಡದ್ದು ನನಗೆ, ಬಿರಡೆಗಳ ಅಡಿಯಲ್ಲಿ. ನನ್ನ ಅಂಗೈಯಲ್ಲಿ ಸೋರಿದ ತೇವ ತಿಳಿ ಕಾಫಿಯ ಬಣ್ಣಕ್ಕಿತ್ತು, ಡ್ರಮ್ಮಿನ ತುಕ್ಕಿನ ಬಣ್ಣ. ಉರಿಯುತ್ತಿತ್ತು.

ಜನ ಒತ್ತಿಕೊಂಡು ಹತ್ತಿರ ಬಂದರು. ಅಣ್ಣ ತಲೆಯೆತ್ತಿ ನನ್ನನ್ನು ಕೇಳಿದ. ಮೆಲ್ಲಗೆ ಕೇಳಲಿಲ್ಲ, ಎಲ್ಲರಿಗೂ ಕೇಳುವಂತೆ ಕೇಳಿದ.

"ಅಮ್ಮೀ, ನೀರು ಆಕಾಸದ್ದೇ ಅಲ್ವ?"

"ಊಂ ಅಣ್ಣಯ್ಯ. ಆಕಾಸದ್ದೇ."

ಅಂದುಬಿಟ್ಟೆ. ತೇವವನ್ನು ಸೆರಗಿಗೆ ಒರೆಸಿಕೊಂಡೆ.  ಅವನು ಬಿರಡೆಗಳನ್ನು ವಾಪಸು ತೆಗೆದುಕೊಂಡು, ನೋಡದೆಯೇ ತಿರುಚಿ ಹಾಕಿದ.

ಅಷ್ಟರಲ್ಲಿ ಎರಡನೆಯ ಟ್ರಾಕ್ಟರಿಗೆ ಪಕ್ಕದಿಂದ ದಾರಿ ಬಿಟ್ಟು ಅದನ್ನೇ ಮೊದಲು ಒಳಗೆ ಕಳಿಸಿದರು. ಹಿಂದೆ ನಿಂತಿದ್ದ ಒಬ್ಬ ಡ್ರೈವರು ತನ್ನ ಗಾಡಿಯನ್ನು ಹತ್ತಿರ ತಂದು, ತನ್ನ ಬ್ಯಾಟರಿಯಿಂದ ಅಣ್ಣನದೇ ವೈರು ಎಳೆದು ಗೌಡನ ಟ್ರಾಕ್ಟರಿಗೆ ಕಚ್ಚಿಸಿದ. ಒಂದೇ ಸಲಕ್ಕೆ ಎದ್ದಿತು. ಅದೇ ವೈರು, ಅದೇ ಕ್ಲಿಪ್ಪು, ಕೈ ಮಾತ್ರ ಬೇರೆ.

ಗೌಡ ಸೀಟಿನ ಮೇಲಿನಿಂದ ಕೂಗಿದ: "ಥೂ, ಮುಗೀತು ಕಣ್ಲಾ ನಿನ್ ಕೈಗುಣ! ಮೊದ್ಲನೇ ದಿನ್ವೇ ನನ್ ಗಾಡಿಗೆ ಇಂಗೆ ಮಾಡ್ಬುಟ್ಟಲ್ಲೋ."

ಅವ್ವನ ಮಡಿಲಿನ ತೆಂಗಿನಕಾಯಿ ಹಾಗೇ ಮನೆಗೆ ವಾಪಸು ಬಂತು. ಅವತ್ತು ನಾನು ಉಟ್ಟಿದ್ದ ಸೀರೆಯನ್ನು ಮುಂದಿನ ಸಲ ಒಗೆದಾಗ ಸೆರಗಿನಲ್ಲಿ ತೂತು ಬಿದ್ದಿತು. ಆಸಿಡ್ಡು ತಿಂದಿತ್ತು. ನಾನು ಅದನ್ನು ಹೊಲಿದುಕೊಂಡೆ.

ಅಣ್ಣ ಕೆಟ್ಟ ಕುಡುಕನಾಗಲಿಲ್ಲ, ಮನೆ ಬಿಟ್ಟು ಹೋಗಲಿಲ್ಲ. ಪೆಟ್ಟಿಗೆಯನ್ನು ಕೊಟ್ಟಿಗೆಯ ಮೂಲೆಗೆ ಸೇರಿಸಿ, ಆಲೆಮನೆಯೊಂದರಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಕೆಲಸಕ್ಕೆ ಸೇರಿದ. ಅಲ್ಲೂ ಬೆಳಿಗ್ಗೆ ಒಲೆ ಹಚ್ಚುವವನು ಬೇರೆ, ಹೊತ್ತಿದ ಮೇಲೆ ಇವನು ಸಿಪ್ಪೆ ಹಾಕುತ್ತಿದ್ದ. ನಮ್ಮ ಗದ್ದೆಯಲ್ಲೇ ಕಬ್ಬು ನೆಡುವಾಗ ಬದುವಿನ ಮೇಲೆ ನಿಂತು, ಮೊದಲ ಬಿತ್ತನೆ ತುಂಡನ್ನು ಕೂಲಿಯವನ ಕೈಲಿ ಊರಿಸಿದ. ಮನೆಯಲ್ಲಿ ಹೊಸ ಬೆಂಕಿಪೊಟ್ಟಣವನ್ನೂ ತಾನು ಒಡೆಯುತ್ತಿರಲಿಲ್ಲ. ಏನನ್ನಾದರೂ ಶುರು ಮಾಡುವ ಕೆಲಸ ಬಂದರೆ ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡುಬಿಡುತ್ತಿದ್ದ. ಅವ್ವ ಅದನ್ನು ನೋಡಿ, "ಯಾರ್ ಕಣ್ಣು ಬಿತ್ತೋ ಆ ಕೈ ಮ್ಯಾಲೆ" ಎಂದು ನಿವಾಳಿಸುತ್ತಿದ್ದಳು. ನಾನು ಅಲ್ಲೇ ರಾಗಿ ಬೀಸುತ್ತ ಕೂತಿರುತ್ತಿದ್ದೆ.

ಹೇಳಬೇಕಿತ್ತು. ಆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೊದಲ ದಿನ ಹೆದರಿಕೆ. ಮೊದಲ ತಿಂಗಳು ನಾಚಿಕೆ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂಬ ಹೊಸ ಹೆದರಿಕೆ. ಹೇಳುವ ಬದಲು ನಾನು ಬೇರೊಂದು ಮಾಡಿದೆ. ಪೆಟ್ಟಿಗೆಯನ್ನು ಹೊತ್ತೆ.

ಬ್ಯಾಟರಿಯನ್ನು ಶ್ರೀರಂಗಪಟ್ಟಣದ ಗುಜರಿ ಅಂಗಡಿಗೆ ಹಾಕಿ, ಸ್ವಲ್ಪ ಜೀವ ಉಳಿದ ಇನ್ನೊಂದನ್ನು ತಂದೆ. ಮೊಪೆಡ್ಡನ್ನು ನಾಲೆ ಏರಿಯ ಮೇಲೆ ಬಿದ್ದು ಎದ್ದು ಕಲಿತೆ. ಪೆಟ್ಟಿಗೆ ಹಿಂದಿದ್ದರೆ ಮೊಪೆಡ್ಡು ಮುಂದಿನ ಚಕ್ರ ಎತ್ತಿ ಕುದುರೆಯಂತೆ ನಿಲ್ಲುತ್ತಿತ್ತು. ಮುಂದಿನ ಬುಟ್ಟಿಗೆ ಒಂದು ರುಬ್ಬುವ ಗುಂಡುಕಲ್ಲು ಹಾಕಿಕೊಂಡ ಮೇಲೆ ಸರಿಹೋಯಿತು. ಮಳೆ ಬಂದಾಗ ಮನೆಯಲ್ಲಿ ಏನೇ ಸುಡುತ್ತಿದ್ದರೂ ಬಿಟ್ಟು ಪಂಚೆ ಕಟ್ಟಿದೆ. ಡ್ರಮ್ಮನ್ನು ಉರುಳಿಸಿ ಹಿತ್ತಲಿಗೆ ಹಾಕಿದೆ.

ಮೊದಮೊದಲು ಜನ ನನ್ನ ಹಣೆ ನೋಡುತ್ತಿದ್ದರು. ಪಾಂಡವಪುರ ರೈಲ್ವೆ ಸ್ಟೇಷನ್ನಿನ ಹತ್ತಿರ ತರಕಾರಿ ಲಾರಿಯೊಂದು ನಿಂತಿತ್ತು. ಡ್ರೈವರು ನನ್ನನ್ನು ಕಂಡವನೇ ಬಾನೆಟ್ಟಿಗೆ ಅಡ್ಡ ನಿಂತ.

"ಗಂಡಸ್ರು ಯಾರೂ ಇಲ್ವೇನವ್ವಾ ನಿಮ್ ಮನೇಲಿ? ಬೆಳಗಾನೆ ಎದ್ದು ನಿನ್ ಕೈಲಿ ಗಾಡಿ ಮುಟ್ಟುಸ್ಲಾ?"

"ಬ್ಯಾಡ್ವಾದ್ರೆ ಬುಡಣ್ಣ. ನಾನು ಆ ಮರದ್ ಕೆಳಗೆ ಕೂತಿರ್ತೀನಿ. ಟೊಮೇಟೊ ಕೊಳೀತಿದ್ದಂಗೆ ಕೂಗು."

ಬಿಸಿಲೇರಿತು. ಅವನು ಎರಡು ಬೀಡಿ ಸೇದಿದ. ಬಂದು ಹೋಗುವವರನ್ನೆಲ್ಲ ತಳ್ಳಲು ಕರೆದ, ಲಾರಿ ಅಲುಗಲಿಲ್ಲ. ಕೊನೆಗೆ ನನ್ನ ಕಡೆ ನೋಡದೆ, "ಅದೇನ್ ಮಾಡೀಯೋ ಮಾಡು ಬಾ" ಅಂದ. ಲಾರಿ ಒಂದೇ ಸಲಕ್ಕೆ ಎದ್ದಿತು. ಅವನು ಹೋಗುತ್ತ ಒಂದು ಕುಂಬಳಕಾಯಿಯನ್ನು ನನ್ನ ಗುಂಡುಕಲ್ಲಿನ ಪಕ್ಕಕ್ಕಿಟ್ಟ.

ಅವನೇ ಸುದ್ದಿ ಹಬ್ಬಿಸಿದ್ದಿರಬೇಕು. ಕೆ.ಆರ್. ಪೇಟೆಯ ಕಡೆಯಿಂದ, ನಾಗಮಂಗಲದ ಕಡೆಯಿಂದ ಕರೆ ಬರತೊಡಗಿತು. ನಾಗಮಂಗಲದಲ್ಲಿ ದಿಬ್ಬಣದ ವ್ಯಾನೊಂದು ನಿಂತಾಗ ಗಂಡಿನ ಸೋದರಮಾವನೇ ಬಸ್ಸಿನಲ್ಲಿ ಬಂದು, "ನೀವೇ ಬರ್ಬೇಕು ಕಣಕ್ಕಾ, ನಿಮ್ ಕೈಗುಣ ಸಂದಾಗದೆ ಅಂತಾರೆ" ಎಂದ. ಮದುವೆಮನೆಯ ಹೊಸಲಿನಲ್ಲಿ ನನ್ನನ್ನು ನಿಲ್ಲಲು ಬಿಡದವರು ಮದುವೆ ವ್ಯಾನಿಗೆ ನನ್ನ ಕೈಯನ್ನೇ ಬೇಡಿದರು. ನಗು ಬರಬೇಕಿತ್ತು. ಆದರೆ ಆ ಮಾತು ಆಡಿದಾಗ ಅಣ್ಣ ಅಲ್ಲೇ ಜಗಲಿಯ ಮೇಲೆ ಕೂತು ಊಟ ಮಾಡುತ್ತಿದ್ದ. ತಟ್ಟೆಯಲ್ಲಿದ್ದ ಅವನ ಬಲಗೈಯನ್ನು ನಾನು ನೋಡಿದೆ. ಮುದ್ದೆ ಮುರಿಯುತ್ತಿದ್ದ ಕೈ ಒಂದು ಗಳಿಗೆ ನಿಂತು, ಮತ್ತೆ ಮುರಿಯಿತು.

"ಓಗ್ಬಾ ಅಮ್ಮಿ," ಅಂದ. "ನಂದು ನಿಂಗೆ ಬಂದದೆ. ಮನೇಲೇ ಉಳೀತಲ್ಲ, ಅಷ್ಟು ಸಾಕು."

ಆ ಮಾತು ತಡೆಯಲಾಗಲಿಲ್ಲ. ಆ ವಾರವೇ ಆಲೆಮನೆಗೆ ಅವನ ಬುತ್ತಿ ಹೊತ್ತುಕೊಂಡು ಹೋದೆ. ಅವನು ಸಿಪ್ಪೆಯ ರಾಶಿಯ ಮೇಲೆ ಕೂತಿದ್ದ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಬುತ್ತಿ ಬಿಚ್ಚುವ ಮೊದಲೇ ಹೇಳಿಬಿಟ್ಟೆ. ಟಿ.ವಿ., ಡ್ರಮ್ಮು, ಬಿರಡೆ, ಸೆರಗು, ಎಲ್ಲವನ್ನೂ.

ಅವನು ನಕ್ಕ! ಸಿಟ್ಟಾಗುತ್ತಾನೆ, ಹೊಡೆಯುತ್ತಾನೆ ಎಂದು ಹೋದವಳು ನಾನು. ಅವನು ಪ್ರೀತಿಯಿಂದ ನಕ್ಕ.

"ನನ್ ಸಮಾಧಾನಕ್ಕೆ ಎಷ್ಟೆಲ್ಲ ಕತೆ ಕಟ್ಟೀಯೇ. ಬುಡು ಅಮ್ಮಿ. ಒಂದು ಚೊಂಬು ನೀರಲ್ಲಿ ಏನದೆ? ಕೈ ಕೆಟ್ಟಿದ್ದು ನಂಗೇ ಗೊತ್ತಾಯ್ತು ಅವತ್ತು. ಕ್ಲಿಪ್ಪು ಇಡಿದಾಗ್ಲೇ ಮೈ ಜುಮ್ಮಂತು."

"ಸುಳ್ಳಲ್ಲ ಅಣ್ಣಯ್ಯ, ಅವ್ವನಾಣೆ."

"ಆಣೆ ಬ್ಯಾರೆ ಆಕ್ತಾಳೆ. ಉಣ್ಣು ಬಾ."

ಅವನು ನಂಬಲಿಲ್ಲ. ಮತ್ತೆರಡು ಸಲ ಹೇಳಿದೆ, ಆಗಲೂ ನಂಬಲಿಲ್ಲ. ನಾನು ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದವನು ನಿಜ ಹೇಳಿದಾಗ ತಲೆ ಸವರಿ ಕಳಿಸಿದ. ದಾರಿಯುದ್ದಕ್ಕೂ ಅತ್ತೆ. ಮನೆ ಹತ್ತಿರ ಬರುವಷ್ಟರಲ್ಲಿ ಅಳು ನಿಂತಿತ್ತು. ಬಾಯಿಮಾತಿಗೆ ನಂಬದಿದ್ದರೆ ಕಣ್ಣಿಗೆ ತೋರಿಸುತ್ತೇನೆ ಎಂದು ತೀರ್ಮಾನಿಸಿದ್ದೆ.

ದೊಡ್ಡ ಲಾರಿಗಳಿಗೆ ಎರಡು ಬ್ಯಾಟರಿಯ ಜೋಡಿ ಇರುತ್ತದೆ, ಒಂದೇ ದಿನ ಹಾಕಿದವು, ಒಂದೇ ದಿನ ಕೀಳುವಂಥವು. ಗುಜರಿ ಅಂಗಡಿಯ ಸಾಬರನ್ನು ಅಂಥ ಒಂದು ಜೋಡಿ ಕೊಡಿ ಎಂದು ಕೇಳಿದೆ.

"ಜೋಡಿ ಯಾಕಮ್ಮಾ? ನಿನ್ನ ಪೆಟ್ಟಿಗೆಗೆ ಒಂದು ಬಸ್."

"ಒಂದು ಬದುಕಕ್ಕೆ, ಒಂದು ಸಾಯಕ್ಕೆ ಸಾಬ್ರೆ."

ಅವರು ನನ್ನ ಮುಖ ನೋಡಿ, "ಯಾ ಅಲ್ಲಾ" ಅಂದು ಎತ್ತಿ ಇಟ್ಟರು.

ಹಿತ್ತಲಲ್ಲಿದ್ದ ಡ್ರಮ್ಮನ್ನು ಮತ್ತೆ ತಗಡಿನ ಸೂರಿನ ಕೆಳಗೆ ಉರುಳಿಸಿ ತಂದೆ. ಮಳೆಗಾಲ ಶುರುವಾಯಿತು. ಒಂದು ಬ್ಯಾಟರಿಗೆ ಪಂಚೆಯ ನೀರು, ಇನ್ನೊಂದಕ್ಕೆ ಡ್ರಮ್ಮಿನ ನೀರು. ಒಂದಕ್ಕೆ ಬಿಳಿ ದಾರ ಕಟ್ಟಿದೆ, ಒಂದಕ್ಕೆ ಕೆಂಪು ದಾರ. ಅಣ್ಣ ಊಟಕ್ಕೆ ಕೂರುವ ಜಗಲಿಯ ಎದುರಿಗೇ ಹಲಗೆ ಹಾಕಿ ಎರಡನ್ನೂ ಇಟ್ಟೆ. ಎರಡಕ್ಕೂ ಅವನ ಕಣ್ಣ ಮುಂದೆಯೇ ನೀರು ತುಂಬುತ್ತಿದ್ದೆ, ಎರಡನ್ನೂ ಒಟ್ಟಿಗೆ ಚಾರ್ಜು ಮಾಡುತ್ತಿದ್ದೆ.

"ಏನೇ ಇದು, ಅವಳಿ ಮಕ್ಳು ಸಾಕ್ದಂಗೆ ಸಾಕ್ತಿದ್ದೀಯ," ಎಂದು ಅವ್ವ ಬೈದಳು. "ಎಮ್ಮೆಗೆ ಇಂಗೆ ನೀರು ಕುಡ್ಸಿದ್ರೆ ಇನ್ನೊಂದ್ ಸೇರು ಹಾಲಾದ್ರೂ ಕೊಡೋದು."

 ಅಣ್ಣ ಮೊದಮೊದಲು ಬೆನ್ನು ತಿರುಗಿಸಿ ಕೂತು ಉಣ್ಣುತ್ತಿದ್ದ. ಆಷಾಢದ ಹೊತ್ತಿಗೆ ಅಡ್ಡಲಾಗಿ ಕೂರತೊಡಗಿದ.  ಮಳೆ ಬಂದರೆ ಪಂಚೆ, ಮಳೆ ನಿಂತರೆ ಚೊಂಬು, ನನ್ನ ಕೆಲಸ ನನ್ನದು.

ಶ್ರಾವಣದಲ್ಲಿ ಎರಡನ್ನೂ ಕೊನೆಯ ಸಲ ಪೂರ್ತಿ ಚಾರ್ಜು ಮಾಡಿ, ವೈರು ಬಿಚ್ಚಿ, ಮುಟ್ಟದೆ ಬಿಟ್ಟೆ. ಗಣೇಶನ ಹಬ್ಬದ ಊಟಕ್ಕೆ ಅಣ್ಣ ಕೂತಾಗ ಟ್ರಾಕ್ಟರಿನ ಹೆಡ್‌ಲೈಟಿನ ಬಲ್ಬೊಂದನ್ನು ತಂದು ಅವನ ಎಲೆಯ ಪಕ್ಕ ಇಟ್ಟೆ.

"ನೀನೇ ಮುಟ್ಟುಸು," ಅಂದೆ.

"ನನ್ ಕೈಲಿ ಬ್ಯಾಡ."

"ನಿನ್ ಕೈಲೇ ಆಗ್ಬೇಕು. ಕೈ ಕೆಟ್ಟಿದ್ರೆ ಎರಡೂ ಉರಿಯಾಕಿಲ್ಲ. ಎರಡಕ್ಕೂ ಅದೇ ಕೈ ಅಲ್ವ?"

 ಪಾಯಸ ಆರಿತು. ಅವನು ಎದ್ದು ಕೈ ತೊಳೆದುಕೊಂಡು ಬಂದ. ಹಿಂದೆ ಪಂಪ್‌ಸೆಟ್ಟಿಗೆ ಹೋಗುವಾಗ ತೊಳೆಯುತ್ತಿದ್ದ ಹಾಗೆಯೇ ಉಗುರಿನವರೆಗೂ ತಿಕ್ಕಿ ತೊಳೆದಿದ್ದ. ಬಿಳಿ ದಾರದ ಬ್ಯಾಟರಿಗೆ ಬಲ್ಬು ಮುಟ್ಟಿಸಿದ. ಹಗಲಲ್ಲೂ ಕಣ್ಣು ಕುಕ್ಕುವಂತೆ ಹೊತ್ತಿತು. ಕೆಂಪು ದಾರದ್ದಕ್ಕೆ ಮುಟ್ಟಿಸಿದ. ಒಳಗಿನ ತಂತಿ ಆರುವ ಬೀಡಿಯಂತೆ ಕೆಂಪಗಾಗಿ ನಿಂತಿತು. ಅದರ ಬಿರಡೆ ಬಿಚ್ಚಿದ. ಅಡಿಯಲ್ಲಿ ತಿಳಿ ಕಾಫಿಯ ಬಣ್ಣ. ಮತ್ತೆ ಬಿಳಿಗೆ, ಮತ್ತೆ ಕೆಂಪಿಗೆ, ಎಷ್ಟೋ ಸಲ ಮುಟ್ಟಿಸಿದ. ಆಮೇಲೆ ಬಲ್ಬನ್ನು ನೆಲಕ್ಕಿಟ್ಟ.

"ಅವತ್ತು ಕೇಳ್ದೆ ಕಣಮ್ಮಿ ನಾನು. ಅಷ್ಟು ಜನದ್ ಮುಂದೆ ನಿನ್ನೇ ಕೇಳ್ದೆ."

 ಅವನು ಎದ್ದು ಹೋದ. ಹಬ್ಬ ಕಳೆಯಿತು, ಪಿತೃಪಕ್ಷ ಕಳೆಯಿತು, ಅವನು ನನ್ನ ಹತ್ತಿರ ಮಾತಾಡಲಿಲ್ಲ. ನೀರು ಬೇಕಾದರೂ ಅವ್ವನನ್ನು ಕೇಳುತ್ತಿದ್ದ. ಬೈದಿದ್ದರೆ ಹಗುರಾಗುತ್ತಿತ್ತು. ಒಂದು ದಿನ ಮಾತ್ರ, ನಾನು ಮೊಪೆಡ್ಡಿಗೆ ಪೆಟ್ಟಿಗೆ ಬಿಗಿಯುತ್ತಿದ್ದಾಗ, ಬೇರೆ ಕಡೆ ನೋಡುತ್ತ ಹೇಳಿದ.

"ನಂಗೇಳ್ದೆ, ಸರಿ. ಅವತ್ತು ಸಾಲಲ್ಲಿದ್ದೋರ್ಗೆ?"

ಅಷ್ಟು ಹೇಳಿ ಆಲೆಮನೆಗೆ ಹೊರಟುಹೋದ. ನನಗೆ ಅಷ್ಟು ಸಾಕಾಯಿತು. ಸುಳ್ಳು ಎಲ್ಲಿ ಹೇಳಿದ್ದೆನೋ ಅಲ್ಲೇ ನಿಜ ಹೇಳಬೇಕು.

ಆ ವರ್ಷ ಮಾಕವಳ್ಳಿಯಲ್ಲಿ ಸಾಲು ನಿಂತ ಮೊದಲ ದಿನ ಪೆಟ್ಟಿಗೆ ಕಟ್ಟಿಕೊಂಡು ಹೊರಟೆ. ಊರು ದಾಟುವಷ್ಟರಲ್ಲಿ ಹಿಂದಿನಿಂದ ಬಂದ ಬಸ್ಸಿನ ಕಿಟಕಿಯಿಂದ ಯಾರೋ ತಲೆ ಹೊರಹಾಕಿ ನನ್ನನ್ನೇ ನೋಡುತ್ತ ಮುಂದೆ ಹೋದರು. ಅಣ್ಣ. ನಾನು ತಲುಪಿದಾಗ ಅವನು ಬೇವಿನ ಮರದಡಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ.

ನಾನು ಸಾಲಿನ ತಲೆಯಿಂದ ಶುರು ಮಾಡಿದೆ. ಒಂದೊಂದು ಟ್ರಾಕ್ಟರಿನ ಹತ್ತಿರ ಮೊಪೆಡ್ಡು ನಿಲ್ಲಿಸಿ ಹೇಳಿದೆ. ನಮ್ಮಣ್ಣನ ಪೆಟ್ಟಿಗೆ ಕೆಟ್ಟದ್ದು ಅವನ ಕೈಯಿಂದಲ್ಲ, ನಾನು ತಗಡಿನ ನೀರು ಕುಡಿಸಿದ್ದರಿಂದ, ಅವತ್ತು ಆಕಾಶದ್ದು ಎಂದು ಸುಳ್ಳು ಹೇಳಿದೆ. ಕೆಲವರಿಗೆ ಅವತ್ತಿನ ನೆನಪೇ ಇರಲಿಲ್ಲ. ಕೆಲವರು ಹಾಡು ಕೇಳುತ್ತ, "ಆಯ್ತು ಓಗಕ್ಕ" ಅಂದರು. ಒಬ್ಬ ಚಕ್ರದ ಮೇಲೆ ಕೂತವನು, "ಇದನ್ ಏಳಕ್ಕೆ ಅಷ್ಟು ದೂರದಿಂದ ಬಂದ್ಯಾ? ನನ್ ತಮ್ಮ ನನ್ ಎತ್ತು ಮಾರ್ಕೊಂಡು ಇವತ್ಗೂ ಏಳಿಲ್ಲ" ಎಂದ. ಬಾಯಿ ಒಣಗಿತು. ನಿಲ್ಲಿಸಲಿಲ್ಲ.

ಕಿಕ್ಕೇರಿಯ ಗೌಡ ಸಾಲಿನ ಮಧ್ಯದಲ್ಲಿದ್ದ. ಅವನು ಮರೆತಿರಲಿಲ್ಲ. ಪೂರ್ತಿ ಕೇಳಿದ, ಆಮೇಲೆ ಸಾಲಿಗೆಲ್ಲ ಕೇಳುವ ಹಾಗೆ ಕೂಗಿದ.

"ಕೇಳಿಸ್ಕೊಂಡ್ರೇನ್ರಲಾ! ಮನೆಮುರುಕಿ ತಂಗಿ ಮಡೀಕೊಂಡು ಆ ಬಡಪಾಯಿ ಕೈಗುಣನ ಬೈಸ್ಕೊಂಡ. ಅಂಗಾರೆ ಕೆಟ್ಟಿದ್ದು ನಿನ್ ಕೈನೇ ಕಣವ್ವಾ. ಇನ್ಮೇಕೆ ನನ್ ಗಾಡಿ ಮುಟ್ಬೇಡ!"

"ಮುಟ್ಟಾಕಿಲ್ಲ ಗೌಡ್ರೆ. ಅವ್ನು ಮುಟ್ತಾನೆ."

ಗೌಡ ಮರದ ಕಡೆ ನೋಡಿದ. ಅಣ್ಣ ನಿಂತಲ್ಲೇ ನಿಂತಿದ್ದ.

"ಲೇ ಪೆಟ್ಟಿಗೆ! ಏನ್ಲಾ, ಹೆಣ್ಣು ನೋಡಾಕೆ ಬಂದೋನಂಗೆ ನಿಂತಿದ್ದೀಯ. ಬಾರ್ಲಾ ಇಲ್ಲಿ. ಎರಡು ದಿನದಿಂದ ಹಾಡು ಕೇಳಿವ್ನಿ, ಸೆಲ್ಫ್ ತಗೋತಿಲ್ಲ."

ಅಣ್ಣ ಕೈ ಬಿಚ್ಚಿಕೊಂಡು ಬಂದ. ನನ್ನ ಮೊಪೆಡ್ಡಿನ ಹತ್ತಿರ ಬಂದವನು ಕ್ಲಿಪ್ಪಿಗೆ ಕೈ ಹಾಕಲಿಲ್ಲ. ಮೊದಲು ಪೆಟ್ಟಿಗೆಯ ಮುಚ್ಚಳ ತೆಗೆದು, ಬ್ಯಾಟರಿಯ ಬಿರಡೆ ತಿರುಚಿ, ಅಡಿ ಮೇಲು ಮಾಡಿ, ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ಮುಂದಿನದು. ಆರನ್ನೂ ನೋಡಿದ. ತಿಳಿಯಾಗಿದ್ದವು. ಅಷ್ಟು ಹೊತ್ತೂ ನಾನು ಅಂಗೈ ಚಾಚಿ ನಿಂತಿದ್ದೆ. ಅವನು ಬಿರಡೆಗಳನ್ನು ನನ್ನ ಕೈಗೆ ಹಾಕಲಿಲ್ಲ, ಜೇಬಿನಿಂದ ತೆಗೆದು ಹಾಸಿದ ತನ್ನ ವಸ್ತ್ರದ ಮೇಲೆ ಇಟ್ಟುಕೊಂಡ. ಮತ್ತೆ ತಿರುಚಿ ಹಾಕಿದ. ಕ್ಲಿಪ್ಪು ಕಚ್ಚಿಸಿದ, ಮೊದಲು ಕೆಂಪು, ಆಮೇಲೆ ಕಪ್ಪು. 

"ಊಂ ಗೌಡ್ರೆ. ಒಡೀರಿ."

ಟ್ರಾಕ್ಟರು ಕೆಮ್ಮಿ, ಕಪ್ಪು ಹೊಗೆ ಉಗುಳಿ, ಎದ್ದಿತು.

ಆ ವರ್ಷದಿಂದ ಪೆಟ್ಟಿಗೆ ಮತ್ತೆ ಅಣ್ಣನದಾಯಿತು. ಒಟ್ಲಿಗೆ ಮೊದಲ ಹಿಡಿ ಭತ್ತ ಚೆಲ್ಲಲೂ ಹೋದ. ನನಗೆ ಕರೆ ಬರುವುದು ನಿಂತಿತು. ಅದು ನನ್ನದಲ್ಲದ ಹೆಸರು, ಹೋದದ್ದು ಒಳ್ಳೆಯದಾಯಿತು. ನಾನು ಮತ್ತೆ ನೀರಿನವಳಾದೆ.

ಅಣ್ಣ ನನ್ನ ಹತ್ತಿರ ಮಾತಾಡುತ್ತಾನೆ, ತಮಾಷೆ ಮಾಡುತ್ತಾನೆ, ಮುದ್ದೆ ಗಟ್ಟಿಯಾದರೆ ಬೈಯುತ್ತಾನೆ. ಆದರೆ ಭರಣಿಯ ನೀರನ್ನು ಮೊದಲಿನ ಹಾಗೆ ಕಣ್ಣು ಮುಚ್ಚಿ ಬಗ್ಗಿಸುವುದಿಲ್ಲ. ಗಾಜಿನ ಲೋಟಕ್ಕೆ ಬಗ್ಗಿಸಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಒಮ್ಮೆಯೂ ತಪ್ಪಿಸಿಲ್ಲ. ನಾನೂ ಒಮ್ಮೆಯೂ, ಯಾಕೆ ನೋಡುತ್ತೀ ಎಂದು ಕೇಳಿಲ್ಲ. ಒದ್ದೆ ಪಂಚೆಯನ್ನು ಹಿಂಡುತ್ತ, ಅವನು ನೋಡಿ ಮುಗಿಸುವವರೆಗೆ ಬಾಗಿಲಲ್ಲಿ ನಿಂತಿರುತ್ತೇನೆ.